ಮಕ್ಕಳಿಗೆ ತೋರಿಸುವ ಕಿರುಚಿತ್ರ: ನಾಯಿ ಸಾಯುವ ಸಿನಿಮಾ ಪಟ್ಟಿಯಲ್ಲಿ ಇರಲಾ, ಬೇಡ್ವಾ?

ಜಗಲಿಕಟ್ಟೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಊರು. ನವೆಂಬರ್ 14ಕ್ಕೆ ಸಮುದಾಯ ಭವನದಲ್ಲಿ ಮಕ್ಕಳಿಗೆ ಕಿರುಚಿತ್ರ ತೋರಿಸೋಣ ಅಂತ ನಾಲ್ಕು ಜನ ಸೇರಿ ಹೊರಟಿದ್ದೇವೆ. ಒಂದೂವರೆ ಗಂಟೆ, ಏಳೆಂಟು ಚಿತ್ರ, ಕೊನೆಗೆ ಮಂಡಕ್ಕಿ, ಪಾನಕ. ಬರುವವರು ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು. ಅಕ್ಕ ಬಂದರೆ ತಮ್ಮ ಹಿಂದೆಯೇ ಬರುತ್ತಾನೆ, ಹಾಗಾಗಿ ಅಂಗನವಾಡಿಯ ಪುಟಾಣಿಗಳೂ ಇರುತ್ತಾರೆ.

ಜಗಳ ಶುರುವಾಗಿದ್ದು 11 ನಿಮಿಷದ ಒಂದು ಚಿತ್ರದಿಂದ. ಒಬ್ಬ ಹುಡುಗ, ಅವನ ಮುದಿ ನಾಯಿ. ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಹುಡುಗ ಮತ್ತು ಅಜ್ಜ ತೋಟದ ಅಂಚಿನಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಮಾತು ಬಹಳ ಕಮ್ಮಿ. ನನಗೆ ತುಂಬಾ ಹಿಡಿಸಿತು. ತಂಡದ ಇನ್ನೊಬ್ಬರು "ಮಕ್ಕಳ ದಿನಾಚರಣೆಗೆ ಸಾವು ತೋರಿಸ್ತೀರಾ?" ಅಂತ ರೇಗಿದರು. ಅವರು ಬದಲಿಗೆ ತಂದಿದ್ದು "ಒಳ್ಳೆ ಮೆಸೇಜ್" ಇರುವ ಚಿತ್ರ. ಓದದೆ ಮೊಬೈಲ್ ಹಿಡಿದು ಕೂತ ಹುಡುಗನಿಗೆ ಮೇಷ್ಟ್ರು ಕೆನ್ನೆಗೆ ಬಾರಿಸುತ್ತಾರೆ, ಅವನು ತಿದ್ದಿಕೊಂಡು ಕ್ಲಾಸಿಗೇ ಮೊದಲು ಬರುತ್ತಾನೆ.

ನೀವು ಮಕ್ಕಳಿಗೆ ಸಿನಿಮಾ ಆರಿಸುವಾಗ ಏನನ್ನು ನೋಡುತ್ತೀರಿ? ಅನುಭವ ಇರುವವರು ಹೇಳಿ.

ಇಬ್ಬರ ಅಮ್ಮ
ನಾಯಿ ಚಿತ್ರ ಬೇಡ. ನಮ್ಮ ಮನೆಯ ಮೊಲ ಸತ್ತಾಗ ಮಗಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಆರು ವರ್ಷ ಅವಳಿಗೆ. ಮನೆಯಲ್ಲಾದರೆ ನಾನಿದ್ದೆ, ಎತ್ತಿಕೊಂಡು ಓಡಾಡಿದೆ. ಕತ್ತಲು ಹಾಲ್‌ನಲ್ಲಿ ಅವಳ ಪಕ್ಕ ಯಾರಿರ್ತಾರೆ?

ಹಾವೇರಿ ಟೀಚರ್
ನನಗೆ ನಾಯಿ ಸಾಯೋದಕ್ಕಿಂತ ಆ ಕೆನ್ನೆ ಏಟಿನ ಬಗ್ಗೆಯೇ ಜಾಸ್ತಿ ತಕರಾರು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬಂದಿದೆ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯೋ ಹಾಗಿಲ್ಲ, ಮನಸ್ಸಿಗೆ ನೋವು ಮಾಡೋ ಹಾಗೂ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಈ ಮೆಸೇಜ್ ಚಿತ್ರಗಳಲ್ಲಿ ಹತ್ತಕ್ಕೆ ಆರರಲ್ಲಿ ಒಂದು ಏಟು ಇದ್ದೇ ಇರುತ್ತದೆ. ಏಟು ಬಿದ್ದ ತಕ್ಷಣ ಹಿನ್ನೆಲೆಯಲ್ಲಿ ಪಿಟೀಲು, ಹುಡುಗ ಉದ್ಧಾರ. ನೋಡುವ ಮಗು ಏನು ಕಲಿಯುತ್ತೆ? ಹೊಡೆದರೆ ಸರಿಹೋಗುತ್ತೆ ಅಂತ. ಇನ್ನೊಂದು ತರದ ಚಿತ್ರವೂ ಇದೆ: ದಪ್ಪಗಿರುವ ಹುಡುಗನನ್ನು ಎಲ್ಲರೂ "ಡುಮ್ಮ" ಅಂತ ರೇಗಿಸಿ ನಗಿಸುವುದು. ಅದರಲ್ಲಿ ಯಾರೂ ಸಾಯುವುದಿಲ್ಲ, ಹಾಗಾಗಿ ಅದು "ಮಕ್ಕಳ ಚಿತ್ರ". ಮರುದಿನ ನನ್ನ ಕ್ಲಾಸಿನ ದಪ್ಪ ಹುಡುಗನ ಪಾಡು ಏನಾಗುತ್ತೆ ಅಂತ ನನಗೆ ಗೊತ್ತು.

ಪೆನ್‌ಡ್ರೈವ್ ಪರಮೇಶಿ
ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ತೀರಿ? ಯೂಟ್ಯೂಬ್‌ನಲ್ಲಿ "ಮೇಡ್ ಫಾರ್ ಕಿಡ್ಸ್" ಅಂತ ಇರೋದನ್ನೇ ಡೌನ್‌ಲೋಡ್ ಮಾಡಿ ಹಾಕಿ. ಮುಗೀತು.

ಕೀಲಿಮಣೆ
ಪರಮೇಶಿ ಅಣ್ಣ, ಅದು ದೊಡ್ಡ ತಪ್ಪು ತಿಳುವಳಿಕೆ. ಆ ಗುರುತು ಹಾಕೋದು ವೀಡಿಯೊ ಏರಿಸಿದವರೇ. ಒಳ್ಳೇದೋ ಕೆಟ್ಟದ್ದೋ ಅಂತ ಯಾರೋ ಕೂತು ನೋಡಿ ಒತ್ತಿದ ಮುದ್ರೆ ಅಲ್ಲ. ಅದು ಬಂದಿದ್ದೇ ಬೇರೆ ಕಾರಣಕ್ಕೆ. ಅಮೆರಿಕದಲ್ಲಿ 13 ವರ್ಷದ ಒಳಗಿನ ಮಕ್ಕಳ ಮಾಹಿತಿಯನ್ನು ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಕಲೆಹಾಕಬಾರದು ಅಂತ ಕಾನೂನು ಇದೆ. ಯೂಟ್ಯೂಬ್ ಅದನ್ನು ಮುರಿದಿದೆ ಅನ್ನೋ ಕೇಸಿನಲ್ಲಿ 2019ರಲ್ಲಿ ಗೂಗಲ್ 17 ಕೋಟಿ ಡಾಲರ್ ಕಟ್ಟಬೇಕಾಯಿತು. 2020ರ ಜನವರಿಯಿಂದ ಈ ಗುರುತು ಕಡ್ಡಾಯ ಮಾಡಿದರು. ಗುರುತು ಹಾಕಿದರೆ ಕಾಮೆಂಟ್ ಬಂದ್, ನೋಡುವವರನ್ನು ಹಿಂಬಾಲಿಸುವ ಜಾಹೀರಾತು ಬಂದ್. ಅಷ್ಟೇ. ಕಥೆ ಹೇಗಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನು ಡೌನ್‌ಲೋಡ್ ಮಾಡಿ ಊರಿಗೆಲ್ಲ ತೋರಿಸೋದು... ಚಿತ್ರ ಮಾಡಿದವರನ್ನು ಒಂದು ಮಾತು ಕೇಳಿ ಮಾರಾಯ್ರೆ.

ಪೆನ್‌ಡ್ರೈವ್ ಪರಮೇಶಿ
ಹೌದಾ! ನಾನು ನಾಲ್ಕು ವರ್ಷದಿಂದ ಅದನ್ನು ನಂಬಿಕೊಂಡು ಮಗನ ಕೈಗೆ ಫೋನ್ ಕೊಡ್ತಾ ಇದ್ದೆ.

ಕುಡ್ಲದ ಅತ್ತೆ
ನಾವೆಲ್ಲ ಸಣ್ಣವರಿದ್ದಾಗ ದೇವಿ ಮಹಾತ್ಮೆ ಯಕ್ಷಗಾನ ಆಟಕ್ಕೆ ಹೋಗ್ತಿದ್ದೆವು. ನಡುರಾತ್ರಿ ಮಹಿಷಾಸುರ ರಂಗಸ್ಥಳಕ್ಕೆ ನೇರ ಬರೋದಿಲ್ಲ, ಜನರ ಮಧ್ಯದಿಂದ ಬರೋದು. ದೊಂದಿ, ಗರ್ನಾಲು, ಆ ಕೂಗು! ನಾನು ಅಜ್ಜಿಯ ಸೆರಗಿನೊಳಗೆ ನುಗ್ಗಿ ಒಂದೇ ಕಣ್ಣಲ್ಲಿ ನೋಡ್ತಿದ್ದೆ. ಹೆದರಿಕೆಯೂ ಬೇಕು, ನೋಡಲೂ ಬೇಕು. ಈಗಿನವರು ಮಕ್ಕಳನ್ನು ಹತ್ತಿಯಲ್ಲಿ ಸುತ್ತಿಡ್ತೀರಿ ಅಂತ ಅನ್ನಿಸ್ತದೆ.

ಇಬ್ಬರ ಅಮ್ಮ
ಅತ್ತೆ, ನೀವೇ ಹೇಳಿದಿರಿ ನೋಡಿ, "ಅಜ್ಜಿಯ ಸೆರಗು". ನಾನು ಕೇಳ್ತಿರೋದೂ ಅದನ್ನೇ. ಸೆರಗು ಎಲ್ಲಿದೆ ಆ ಹಾಲ್‌ನಲ್ಲಿ?

ಕುಡ್ಲದ ಅತ್ತೆ
ಅದು ಸರಿ. ಹಾಗಾದರೆ ಅಮ್ಮಂದಿರನ್ನೂ ಕರೀರಿ. ಅವರಿಗೂ ಮಂಡಕ್ಕಿ ಕೊಡಿ.

ಗಣಿತ ಮೇಷ್ಟ್ರು
ಸಾವು ಬೇಡ ಅನ್ನುವವರಿಗೆ ಒಂದು ಪ್ರಶ್ನೆ. ಗೋವಿನ ಹಾಡನ್ನು ಏನು ಮಾಡ್ತೀರಿ? ತಲೆಮಾರುಗಳಿಂದ ನಮ್ಮ ಮಕ್ಕಳು ಕಲಿತ ಹಾಡು ಅದು. ತಾಯಿ ಸಾಯೋಕೆ ಹೊರಡುತ್ತಾಳೆ, ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುತ್ತಾಳೆ. ಕೊನೆಯಲ್ಲಿ ಹುಲಿ ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಇವತ್ತು ಯಾರಾದರೂ ಇದೇ ಕಥೆಯನ್ನು 11 ನಿಮಿಷದ ಶಾರ್ಟ್ ಫಿಲ್ಮ್ ಮಾಡಿ ತಂದರೆ ನಿಮ್ಮ ತಂಡದವರು "ಪ್ರಾಣಿ ಆತ್ಮಹತ್ಯೆ, ಬೇಡ" ಅಂತಾರೆ.

ಇಬ್ಬರ ಅಮ್ಮ
ಆ ಹಾಡು ಕೇಳಿ ನಾನು ಪ್ರತಿ ಸಲ ಅತ್ತಿದ್ದೇನೆ ಸರ್. ಈಗಲೂ ಕರುವನ್ನು ಒಪ್ಪಿಸುವ ಜಾಗ ಬಂದರೆ ಗಂಟಲು ಕಟ್ಟುತ್ತದೆ.

ಗಣಿತ ಮೇಷ್ಟ್ರು
ಅತ್ತಿರಿ. ಕೆಟ್ಟು ಹೋದಿರಾ?

ಹಾವೇರಿ ಟೀಚರ್
ಮೇಷ್ಟ್ರೇ, ಹಾಡು ಬೇರೆ, ತೆರೆ ಬೇರೆ. ಹಾಡಿನಲ್ಲಿ ಹುಲಿ ಎಷ್ಟು ದೊಡ್ಡದು ಅಂತ ಮಗು ತಾನೇ ಅಂದುಕೊಳ್ಳುತ್ತೆ, ತನಗೆ ತಡೆಯುವಷ್ಟು ದೊಡ್ಡದು. ತೆರೆಯ ಮೇಲೆ ನಿರ್ದೇಶಕ ಅಂದುಕೊಂಡಷ್ಟು ದೊಡ್ಡದು ಬರುತ್ತೆ, ಜೊತೆಗೆ ನಾಲ್ಕು ಸ್ಪೀಕರ್. ನನ್ನ ಅನುಭವದಲ್ಲಿ ಸಣ್ಣ ಮಕ್ಕಳು ಹೆದರೋದು ಕಥೆಗಲ್ಲ, ಸದ್ದಿಗೆ. ಶಾಲೆಯಲ್ಲಿ ಒಂದು ಸಲ ಚಿಟ್ಟೆಯ ಬಗ್ಗೆ ಚಿತ್ರ ಹಾಕಿದ್ದೆವು. ಪಾಪದ ಚಿತ್ರ. ಮಧ್ಯೆ ಒಂದು ಗುಡುಗು. ಒಂದನೇ ಕ್ಲಾಸಿನ ನಾಲ್ಕು ಮಕ್ಕಳು ಎದ್ದು ಓಡಿದವು.

ವಾರ್ಡ್ ಸಿಸ್ಟರ್
ಸದ್ದಿನ ಜೊತೆ ಬೆಳಕನ್ನೂ ನೋಡಿ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ. ಪಟಪಟ ಮಿನುಗುವ ದೃಶ್ಯ ಕೆಲವು ಮಕ್ಕಳಿಗೆ ಫಿಟ್ಸ್ ತರಿಸುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತು ನೋಡಿ ಹತ್ತಿರ ಹತ್ತಿರ 700 ಜನ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಕೆಂಪು-ನೀಲಿ ಬಣ್ಣ ಸೆಕೆಂಡಿಗೆ ಹನ್ನೆರಡು ಸಲ ಮಿನುಗಿತ್ತು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗಬಾರದು ಅನ್ನೋದು ಈಗ ವೆಬ್‌ಸೈಟ್ ಮಾಡುವವರಿಗೂ ಇರುವ ನಿಯಮ. ನೀವು ಹಾಲ್ ಪೂರ್ತಿ ಕತ್ತಲೆ ಮಾಡಬೇಡಿ. ಹಿಂದೆ ಒಂದು ಲೈಟ್ ಇರಲಿ. ತೀರಾ ಮುಂದೆ ಕೂರಿಸಬೇಡಿ.

ಜಗಲಿಕಟ್ಟೆ
ಇದು ನಮ್ಮ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಟ್ಟಿಯಲ್ಲಿ ಒಂದು ಅನಿಮೇಷನ್ ಚಿತ್ರದಲ್ಲಿ ಸಿಡಿಲು ಹೊಡೆಯುವ ದೃಶ್ಯ ಇದೆ. ಇನ್ನೊಂದು ಸಲ ನೋಡುತ್ತೇವೆ.

ಎಡಿಟಿಂಗ್ ಟೇಬಲ್
ಸೆನ್ಸಾರ್ ಸರ್ಟಿಫಿಕೇಟ್ ಬಗ್ಗೆ ಯಾರೂ ಮಾತೇ ಎತ್ತಿಲ್ಲವಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸೋ ಚಿತ್ರಕ್ಕೆ ಪ್ರಮಾಣಪತ್ರ ಬೇಕು. ಐದು ನಿಮಿಷದ್ದಾದರೂ ಅಷ್ಟೇ. ಚಿತ್ರೋತ್ಸವ ಮಾಡುವವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ತಗೊಳ್ತಾರೆ. ಹಾಗಾಗಿ ಸರ್ಟಿಫಿಕೇಟ್ ಇರುವ ಚಿತ್ರಗಳನ್ನೇ ಆರಿಸಿಕೊಳ್ಳಿ, ತಲೆನೋವು ಇಲ್ಲ. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ.

ಇನ್ನೊಂದು ವಿಷಯ. ಮೊದಲು ಯುಎ ಅಂದರೆ 12ರ ಒಳಗಿನವರು ದೊಡ್ಡವರ ಜೊತೆ ನೋಡಬೇಕು ಅಂತ ಒಂದೇ ಗೆರೆ ಇತ್ತು. 2023ರ ತಿದ್ದುಪಡಿಯಲ್ಲಿ ಅದನ್ನು ಮೂರು ಮಾಡಿದ್ದಾರೆ: ಯುಎ 7+, 13+, 16+. ಇದರಿಂದ ಸ್ವಲ್ಪ ಅಂದಾಜು ಸಿಗುತ್ತದೆ.

ಗಣಿತ ಮೇಷ್ಟ್ರು
ಏಳು ವರ್ಷ ತುಂಬಿದ ಮಾರನೇ ದಿನ ಮಗು ಧೈರ್ಯಶಾಲಿ ಆಗಿಬಿಡುತ್ತಾ?

ಎಡಿಟಿಂಗ್ ಟೇಬಲ್
ಮೇಷ್ಟ್ರೇ, ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ವಾ? ಅದೂ ಅಲ್ಲದೆ ಈ 7+ ಅಪ್ಪ-ಅಮ್ಮನಿಗೆ ಕೊಡೋ ಸೂಚನೆ. ಬಾಗಿಲಲ್ಲಿ ನಿಂತು ಹುಟ್ಟಿದ ದಿನಾಂಕ ಕೇಳೋ ಕಾನೂನು ಅಲ್ಲ.

ಮ್ಯೂನಿಕ್ ಮಾದ
ಇಲ್ಲಿ ಜರ್ಮನಿಯಲ್ಲಿ 0, 6, 12, 16, 18 ಅಂತ ಐದು ಹಂತ. ಇದು ಬಾಗಿಲಲ್ಲಿ ತಡೆಯೋ ಕಾನೂನೇ. 12ರ ಚಿತ್ರಕ್ಕೆ ಮಾತ್ರ ಒಂದು ಸಡಿಲಿಕೆ: ಅಪ್ಪನೋ ಅಮ್ಮನೋ ಜೊತೆಗಿದ್ದರೆ ಆರು ವರ್ಷದ ಮಗುವೂ ಹೋಗಬಹುದು. ನಾನು ಹೊಸದಾಗಿ ಬಂದಾಗ "0" ನೋಡಿ ಮಗಳನ್ನು ಒಂದು ಸಿನಿಮಾಗೆ ಕರೆದುಕೊಂಡು ಹೋದೆ. ಇಬ್ಬರು ಮುದುಕರು ಕಾಫಿ ಕುಡಿಯುತ್ತಾ ಎರಡು ಗಂಟೆ ಮಾತಾಡುವ ಚಿತ್ರ. ಮಗಳು ಹತ್ತನೇ ನಿಮಿಷಕ್ಕೆ ನಿದ್ದೆ. ಆಮೇಲೆ ಗೊತ್ತಾಯಿತು, "0" ಅಂದರೆ ಮಗುವಿಗೆ ಕೆಡುಕಿಲ್ಲ ಅಂತ ಅಷ್ಟೇ, ಮಗುವಿಗಾಗಿ ಮಾಡಿದ್ದು ಅಂತಲ್ಲ. ನಿಮ್ಮ ಪಟ್ಟಿಗೂ ಇದು ಅನ್ವಯ. ತೊಂದರೆ ಇಲ್ಲದ ಚಿತ್ರ ಹುಡುಕೋದರಲ್ಲಿ ಬೋರ್ ಹೊಡೆಸುವ ಚಿತ್ರಗಳೇ ಉಳಿಯದಿರಲಿ.

ಬರ್ಲಿನ್ ಚಿತ್ರೋತ್ಸವದಲ್ಲಿ ಮಕ್ಕಳ ವಿಭಾಗಕ್ಕೆ ಮಕ್ಕಳೇ ತೀರ್ಪುಗಾರರು. ಬೇರೆ ಭಾಷೆಯ ಚಿತ್ರ ಆದರೆ ಸಬ್‌ಟೈಟಲ್ ಓದಲು ಬಾರದ ಚಿಕ್ಕವರಿಗಾಗಿ ಹಾಲ್‌ನಲ್ಲೇ ಒಬ್ಬರು ಮೈಕ್ ಹಿಡಿದು ಜರ್ಮನ್‌ನಲ್ಲಿ ಓದುತ್ತಾರೆ. ನೀವೂ ಕನ್ನಡದಲ್ಲಿ ಹಾಗೆ ಮಾಡಬಹುದು. ಊರಿನಲ್ಲಿ ಹರಿಕಥೆ ದಾಸರು ಯಾರಾದರೂ ಇದ್ದರಂತೂ ಮುಗೀತು.

ಕೀಲಿಮಣೆ
ಹರಿಕಥೆ ದಾಸರ ಕೈಗೆ ಮೈಕ್ ಕೊಟ್ಟರೆ 11 ನಿಮಿಷದ ಚಿತ್ರ ಬೆಳಗಿನ ಜಾವ ಮುಗಿಯುತ್ತೆ 😄

ಜಗಲಿಕಟ್ಟೆ
ಮಾದ ಅವರೇ, ಒಳ್ಳೆ ಉಪಾಯ. ಪಟ್ಟಿಯಲ್ಲಿ ಇರಾನಿನ ಚಿತ್ರ ಒಂದಿದೆ, ಸಬ್‌ಟೈಟಲ್ ಇಂಗ್ಲಿಷಿನಲ್ಲಿ. ಬಿಟ್ಟೇಬಿಡೋಣ ಅಂತಿದ್ದೆವು.

ಇನ್ನೊಂದು ಕೇಳಬೇಕಿತ್ತು. ಮೊದಲ ಸಲ ಮುಟ್ಟಾದ ಹುಡುಗಿಯ ಬಗ್ಗೆ 14 ನಿಮಿಷದ ಚಿತ್ರ ಇದೆ. ತುಂಬಾ ಮೃದುವಾಗಿದೆ. ಆದರೆ ಊರಿನಲ್ಲಿ ತೋರಿಸಿದರೆ ಗಲಾಟೆ ಆಗುತ್ತಾ ಅಂತ ಭಯ.

ಹಾವೇರಿ ಟೀಚರ್
ಆರು, ಏಳನೇ ಕ್ಲಾಸಿನವರಿಗೆ ತೋರಿಸಲೇಬೇಕಾದ ಚಿತ್ರ ಅದು, ಹುಡುಗರಿಗೂ ಸೇರಿಸಿ. ಆದರೆ ಒಂದನೇ ಕ್ಲಾಸಿನವರ ಜೊತೆ ಬೇಡ. ಅವರು ಕೆಡುತ್ತಾರೆ ಅಂತಲ್ಲ. ಅವರು ಜೋರಾಗಿ "ರಕ್ತ ಯಾಕೆ ಬಂತು?" ಅಂತ ಕೇಳುತ್ತಾರೆ, ದೊಡ್ಡ ಹುಡುಗರು ಕಿಸಕ್ಕನೆ ನಗುತ್ತಾರೆ, ಏಳನೇ ಕ್ಲಾಸಿನ ಹುಡುಗಿಯರು ತಲೆ ತಗ್ಗಿಸುತ್ತಾರೆ. ಅಲ್ಲಿಗೆ ಚಿತ್ರದ ಕೆಲಸ ಕೆಟ್ಟಿತು. ಅದೇ ಚಿತ್ರ, ಬೇರೆ ಹಾಲ್, ಬೇರೆ ದಿನ. ಒಬ್ಬ ಟೀಚರ್ ಅಥವಾ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಪೆನ್‌ಡ್ರೈವ್ ಪರಮೇಶಿ
ಫ್ರೆಂಚರ ಕೆಂಪು ಬಲೂನಿನ ಚಿತ್ರ ಹಾಕಿ. 1956ರದ್ದು, 34 ನಿಮಿಷ. ಮಾತೇ ಇಲ್ಲ ಅನ್ನಬಹುದು. ಸಾವು-ಗೀವು ಏನೂ ಇಲ್ಲ.

ಮ್ಯೂನಿಕ್ ಮಾದ
ಸಾವು ಇಲ್ವಾ? ಹುಡುಗರ ಗುಂಪು ಆ ಬಲೂನಿಗೆ ಕಲ್ಲು ಹೊಡೆದಾಗ ಅದು ಮೆಲ್ಲಗೆ ಗಾಳಿ ಕಳೆದುಕೊಂಡು ಬೀಳುತ್ತದಲ್ಲ, ನನ್ನ ಮಗಳು ಯಾವ ನಾಯಿಗೂ ಅಷ್ಟು ಅತ್ತಿಲ್ಲ.

ಇಬ್ಬರ ಅಮ್ಮ
ಬಲೂನಿಗೂ ಅಳೋ ಮಕ್ಕಳಿಗೆ ಏನು ತೋರಿಸೋದು ಹಾಗಾದರೆ! ನನ್ನ ಸಣ್ಣವನು ಬಿಸ್ಕತ್ತು ಮುರಿದರೆ ಅಳುತ್ತಾನೆ.

ಧಾರವಾಡ ಕಾಕಾ
ನೀವೆಲ್ಲ ನೋಡುವವರ ಬಗ್ಗೆ ಮಾತಾಡಾಕತ್ತೀರಿ. ತೆರೆ ಮ್ಯಾಲಿನ ಹುಡುಗನ ಬಗ್ಗೆ ಯಾರೂ ಕೇಳಲಿಲ್ಲ. ಅವನನ್ನು ಹೆಂಗ ಅಳಿಸಿದರು? ನಾನು ನಾಟಕದ ಮಂದಿ ಜೊತೆ ಮೂವತ್ತು ವರ್ಷ ಇದ್ದವನು. ಹುಡುಗರನ್ನು ಚಿವುಟಿ ಅಳಿಸಿದ್ದನ್ನು ಕಣ್ಣಾರೆ ನೋಡೀನಿ. ಈಗ ಕಾನೂನು ಐತಿ. ಬಾಲನಟರಿಗೆ ದಿನಕ್ಕೆ ಐದು ತಾಸಿಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವು ಕೊಡದೆ ಮೂರು ತಾಸಿಗಿಂತ ಹೆಚ್ಚು ಇಲ್ಲ. ಗಳಿಕೆಯೊಳಗ ಕನಿಷ್ಠ 20 ಪರ್ಸೆಂಟ್ ಆ ಹುಡುಗನ ಹೆಸರಿಗೇ ಬ್ಯಾಂಕಿನಾಗ ಠೇವಣಿ ಇಡಬೇಕು. ಜಿಲ್ಲಾಧಿಕಾರಿ ಒಪ್ಪಿಗೆ ಬೇರೆ. ಗೆಳೆಯರು ಸೇರಿ ಮಾಡೋ ಕಿರುಚಿತ್ರದಾಗ ಇದನ್ನೆಲ್ಲ ಎಷ್ಟು ಮಂದಿ ನೋಡತಾರ? ಮಕ್ಕಳಿಗೆ ಸೂಕ್ತ ಅನ್ನೋ ಮುಂಚೆ ಇದೂ ನೋಡಬೇಕ್ರಿ.

ಎಡಿಟಿಂಗ್ ಟೇಬಲ್
ಕಾಕಾ, ಮಾತು ನೂರಕ್ಕೆ ನೂರು ಸರಿ. ಆದರೆ ಇದು ಬೇರೆ ಚರ್ಚೆ ಅಲ್ವಾ?

ಧಾರವಾಡ ಕಾಕಾ
ಬ್ಯಾರೆ ಅಲ್ಲಪಾ. ಇದೇ ಚರ್ಚೆ.

ಮೂರನೇ ಟೇಕ್
ಎಲ್ಲ ಓದಿದೆ. ತೋಟದ ಅಂಚು, ಅಜ್ಜ, ಗುಂಡಿ ಅಂದಾಗಲೇ ಅನುಮಾನ ಬಂತು, ಇದು ನಾನು ಮಾಡಿದ ಚಿತ್ರ ಅಂತ. ಜಗಲಿಕಟ್ಟೆಯವರಿಗೆ ಮೆಸೇಜ್ ಹಾಕಿ ಕೇಳಿದೆ, ಹೌದಂತೆ.

ಸರ್ಟಿಫಿಕೇಟ್ ಇದೆ, ಯುಎ 7+. ಮಂಡಳಿಯವರು ಏನೂ ಕತ್ತರಿಸಲಿಲ್ಲ. ಕಾಕಾ ಕೇಳಿದ್ದಕ್ಕೆ: ಹುಡುಗ ನನ್ನ ಅಕ್ಕನ ಮಗ. ಅಳುವ ಶಾಟ್ ಇಲ್ಲವೇ ಇಲ್ಲ, ನೋಡಿದವರಿಗೆ ಗೊತ್ತು. ಅವನು ಬೆನ್ನು ತಿರುಗಿಸಿ ಮಣ್ಣು ಎಳೆಯುತ್ತಾನೆ, ಅಷ್ಟೇ. ಮೊದಲು ಅಳುವುದನ್ನು ಬರೆದಿದ್ದೆ. ಅವನು "ನಂಗೆ ಅಳು ಬರಲ್ಲ ಮಾಮ, ನಾಯಿ ಇಲ್ಲೇ ಇದೆಯಲ್ಲ" ಅಂದ. ಬಿಟ್ಟೆವು. ಚಿತ್ರಕ್ಕೆ ಅದೇ ಒಳ್ಳೆಯದಾಯಿತು.

ಒಂದು ಮಾತು. ಕೊನೆಯ ಎರಡು ನಿಮಿಷ ಕತ್ತರಿಸಿ ತೋರಿಸಬೇಡಿ. ಒಂದು ಕಡೆ ಹಾಗೆ ಮಾಡಿದ್ದರು, ಮಕ್ಕಳಿಗೆ ಭಾರ ಆಗುತ್ತೆ ಅಂತ. ಕೊನೆಯಲ್ಲಿ ಹುಡುಗ ಮನೆಗೆ ಬಂದು ಕೈ ತೊಳೆದು ಅಜ್ಜನ ಪಕ್ಕ ಕೂತು ಗಂಜಿ ಉಣ್ಣುತ್ತಾನೆ. ಅದನ್ನು ತೆಗೆದರೆ ಮಕ್ಕಳನ್ನು ಗುಂಡಿಯ ಹತ್ತಿರವೇ ಬಿಟ್ಟು ಬಂದ ಹಾಗೆ.

ಇಬ್ಬರ ಅಮ್ಮ
ಗಂಜಿ ವಿಷಯ ಮೊದಲೇ ಯಾರೂ ಹೇಳಲಿಲ್ಲ. ಇದು ಕೇಳಿದ ಮೇಲೆ ನನಗೆ ಪೂರ್ತಿ ಬೇಡ ಅನ್ನಿಸ್ತಿಲ್ಲ. ಆದರೂ ಐದು ವರ್ಷದವರಿಗೆ ಬೇಡ. ಇದರಲ್ಲಿ ನಾನು ಜಗ್ಗಲ್ಲ.

ಕುಡ್ಲದ ಅತ್ತೆ
ಅಜ್ಜ ಬೀಡಿ ಎಳೀತಾರಾ ಆ ಚಿತ್ರದಲ್ಲಿ? ಈಗಿನ ಚಿತ್ರದಲ್ಲಿ ಅಜ್ಜ ಅಂದ್ರೆ ಬೀಡಿ ಇರಲೇಬೇಕು.

ಮೂರನೇ ಟೇಕ್
ಇಲ್ಲ ಅತ್ತೆ, ಎಲೆ ಅಡಿಕೆ. ಹೊಗೆಸೊಪ್ಪು ಇಲ್ಲ, ಬರೀ ಸುಣ್ಣ 🙂

ಜಗಲಿಕಟ್ಟೆ (ನವೆಂಬರ್ 16)
ವರದಿ ಒಪ್ಪಿಸುತ್ತಿದ್ದೇನೆ. 60ಕ್ಕೂ ಮೇಲೆ ಮಕ್ಕಳು ಬಂದಿದ್ದರು. ಮೊದಲ 40 ನಿಮಿಷ ಎಲ್ಲರಿಗೂ. ಆಮೇಲೆ ಎರಡನೇ ಕ್ಲಾಸಿನವರೆಗಿನ ಮಕ್ಕಳನ್ನು ಪಕ್ಕದ ಅಂಗನವಾಡಿಗೆ ಕರೆದುಕೊಂಡು ಹೋಗಿ ಚಿತ್ರ ಬರೆಸಿದರು. ಉಳಿದವರಿಗೆ ನಾಯಿ ಚಿತ್ರ, ಇರಾನಿನ ಚಿತ್ರ. ಎಂಟು ಜನ ಅಮ್ಮಂದಿರು, ಇಬ್ಬರು ಅಜ್ಜಿಯರು ಮಕ್ಕಳ ಮಧ್ಯೆಯೇ ಕೂತಿದ್ದರು. ಕೆನ್ನೆ ಏಟಿನ ಚಿತ್ರ ಕೈಬಿಟ್ಟೆವು. ಅದನ್ನು ತಂದವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಸಿಡಿಲಿನ ಅನಿಮೇಷನ್ನೂ ಬಿಟ್ಟೆವು. ಮುಟ್ಟಿನ ಚಿತ್ರವನ್ನು ಶಾಲೆಯಲ್ಲೇ ತೋರಿಸುತ್ತೇವೆ ಅಂತ ಹೆಡ್ ಮೇಡಂ ಹೇಳಿದ್ದಾರೆ, ಡಿಸೆಂಬರ್‌ನಲ್ಲಿ.

ಇರಾನಿನ ಚಿತ್ರಕ್ಕೆ ನಾನೇ ಮೈಕ್ ಹಿಡಿದು ಓದಿದೆ. ಎರಡು ಸಲ ಸಾಲು ತಪ್ಪಿ ಹುಡುಗನ ಮಾತನ್ನು ಅಮ್ಮನ ಬಾಯಿಗೆ ಹಾಕಿದೆ. ಮಕ್ಕಳೇ ಕೂಗಿ ತಿದ್ದಿದರು.

ನಾಯಿ ಚಿತ್ರಕ್ಕೆ ಇಬ್ಬರು ಅತ್ತರು. ಒಬ್ಬಳು ಅಜ್ಜಿಯ ಮಡಿಲಿಗೆ ಹೋಗಿ ಮಲಗಿದಳು, ಗಂಜಿ ಉಣ್ಣುವಾಗ ಎದ್ದು ಕೂತಳು. ಮುಗಿದ ಮೇಲೆ ಏನಾದರೂ ಕೇಳಬೇಕಾ ಅಂದೆ. ಸಾವಿನ ಬಗ್ಗೆ ಏನು ಕೇಳುತ್ತಾರೋ ಅಂತ ನಾನು ರಾತ್ರಿಯೆಲ್ಲ ಉತ್ತರ ತಯಾರು ಮಾಡಿಕೊಂಡಿದ್ದೆ. ನಾಲ್ಕನೇ ಕ್ಲಾಸಿನ ಹುಡುಗಿ ಕೈ ಎತ್ತಿ, "ಆ ನಾಯಿ ಶೂಟಿಂಗ್‌ನಲ್ಲಿ ನಿಜವಾಗ್ಲೂ ಸತ್ತುಹೋಯ್ತಾ?" ಅಂದಳು. ಹಾಲ್ ಪೂರ್ತಿ ನಿಶ್ಶಬ್ದ. ಯಾವ ಪ್ರಾಣಿಗೂ ತೊಂದರೆ ಮಾಡಿಲ್ಲ ಅಂತ ಶುರುವಿನಲ್ಲೇ ಬರುತ್ತದೆ, ಆದರೆ ಇಂಗ್ಲಿಷಿನಲ್ಲಿ, ಅದೂ ಮೂರು ಸೆಕೆಂಡ್. ಯಾರು ಓದಿರುತ್ತಾರೆ? "ಇಲ್ಲ, ಬದುಕಿದೆ" ಅಂದೆ. "ನೀವು ನೋಡಿದ್ದೀರಾ?" ಅಂದಳು. ನೋಡಿಲ್ಲವಲ್ಲ.

ಧಾರವಾಡ ಕಾಕಾ
ಹುಡುಗಿ ಕೇಳಿದ್ದೂ ನಾ ಕೇಳಿದ್ದೂ ಒಂದೇ. ಬ್ಯಾರೆ ಚರ್ಚೆ ಅಂದಿದ್ರಲ್ಲ!

ಎಡಿಟಿಂಗ್ ಟೇಬಲ್
ಒಪ್ಪಿದೆ ಕಾಕಾ. ಪ್ರಾಣಿ ಇರುವ ಚಿತ್ರಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರ ಇಲ್ಲದೆ ಸೆನ್ಸಾರ್ ಆಗೋದಿಲ್ಲ ಅನ್ನೋದು ನಮಗೆ ಗೊತ್ತು, ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಮೂರನೇ ಟೇಕ್
ಈಗಷ್ಟೇ ತೆಗೆದ ಫೋಟೊ ಕಳಿಸಿದ್ದೇನೆ ನೋಡಿ. ನಮ್ಮ ಮನೆಯ ಮೆಟ್ಟಿಲ ಮೇಲೆ ಮಲಗಿದ್ದಾನೆ. ಆವತ್ತೂ ಹೀಗೇ ಮಲಗಿದ್ದಾಗ ಶಾಟ್ ತೆಗೆದಿದ್ದು, ಮಧ್ಯೆ ಎರಡು ಸಲ ಎದ್ದು ಹೋದ. ದಯವಿಟ್ಟು ಆ ಹುಡುಗಿಗೆ ತೋರಿಸಿ.

ಜಗಲಿಕಟ್ಟೆ
ತೋರಿಸಿದೆ. ಸ್ವಲ್ಪ ಹೊತ್ತು ಫೋನ್ ಹತ್ತಿರ ಹಿಡಿದು ನೋಡಿದಳು. ಕಿವಿಯ ಮೇಲಿನ ಮಚ್ಚೆ ಅದೇನಾ ಅಂತ ನೋಡಿದಳಂತೆ. ಹೆಸರೇನು ಅಂತ ಕೇಳಿದ್ದಾಳೆ.

ಮೂರನೇ ಟೇಕ್
ಚಿತ್ರದಲ್ಲಿ ರಾಜ. ಮನೆಯಲ್ಲಿ ಬೋಂಡ.